ಮಿಲಿಗ್ರಾಂ ಬಿಡಿ, ಕಣ ಎಣಿಸಿ: ಚಿನ್ನದ ನ್ಯಾನೋಕಣದ ಡೋಸ್ ಲೆಕ್ಕ ಹಾಕುವ ಬಗೆ

ಆಟಿ ತಿಂಗಳಲ್ಲಿ ನಮ್ಮ ಶಾಂತಳ್ಳಿ ಕಡೆ ಕೆಲಸ ಇಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಅಂಥ ಮಳೆಯಲ್ಲಿ ಅಕ್ಕನ ಮಗಳು ಬಂದಳು. ಎಂ.ಫಾರ್ಮ್ ಓದುತ್ತಿದ್ದಾಳೆ. ಪ್ಲಾಸ್ಟಿಕ್ ಕವರಿನೊಳಗೆ ಪ್ರಾಜೆಕ್ಟಿನ ಸಿನಾಪ್ಸಿಸ್ ಇತ್ತು. ಸೋಮವಾರ ಕೊಡಬೇಕಂತೆ.

"ಚಿಕ್ಕಮ್ಮ, ಇಲಿಯಲ್ಲಿ ಕ್ಯಾನ್ಸರ್ ಗಡ್ಡೆ. ಒಂದು ಗುಂಪಿಗೆ ಬರೀ ಚಿನ್ನದ ಕಣ, ಇನ್ನೊಂದಕ್ಕೆ ಆಂಟಿಬಾಡಿ ಅಂಟಿಸಿದ ಕಣ. ಗಡ್ಡೆಗೆ ಯಾವುದು ಜಾಸ್ತಿ ಸೇರುತ್ತೆ ಅಂತ ನೋಡೋದು."

"ಡೋಸ್?"

"ಎರಡಕ್ಕೂ ಒಂದೇ. ಕೆ.ಜಿ.ಗೆ 2 ಮಿಲಿಗ್ರಾಂ."

"ಅದು ತೂಕ ಆಯ್ತು. ಎಷ್ಟು ಕಣ?"

ಅವಳು ಪುಟ ತಿರುವಿದಳು. ಎಲ್ಲೂ ಬರೆದಿರಲಿಲ್ಲ.

ಅವಳನ್ನು ಬೈಯುವ ಮುಖ ನನಗಿಲ್ಲ. ಬೆಂಗಳೂರಿನ ಲ್ಯಾಬಿನಲ್ಲಿದ್ದಾಗ ನಾನೂ ಇದೇ ತಪ್ಪು ಮಾಡಿ ತಿಂಗಳುಗಟ್ಟಲೆ ಕೆಲಸ ಹಾಳು ಮಾಡಿಕೊಂಡವಳು. 15 ನ್ಯಾನೋಮೀಟರ್ ಕಣ ಒಂದು ಗುಂಪಿಗೆ, 50 ನ್ಯಾನೋಮೀಟರ್ ಕಣ ಇನ್ನೊಂದು ಗುಂಪಿಗೆ. ಎರಡಕ್ಕೂ ಅಷ್ಟೇ ಮಿಲಿಗ್ರಾಂ. ಚಿಕ್ಕ ಕಣ ಗೆದ್ದಿತು. 'ಗಾತ್ರದ ಮಹಿಮೆ' ಎಂದು ದೊಡ್ಡದಾಗಿ ಸ್ಲೈಡ್ ಮಾಡಿದೆ. ಗೈಡ್ ನೋಡಿದರು, "ಅಲ್ಲಮ್ಮ, ಚಿಕ್ಕದನ್ನು ಎಷ್ಟು ಸಾವಿರ ಜಾಸ್ತಿ ಚುಚ್ಚಿದ್ದೀಯ, ಲೆಕ್ಕ ಇದೆಯಾ?" ಎಂದರು. ಇರಲಿಲ್ಲ. ಅವತ್ತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಡೋಸ್ ಲೆಕ್ಕ ಹಾಕುವವರಿಗೆ, ಇಂಥ ಲೇಖನ ಓದುವವರಿಗೆ ಇದು. ರೋಗಿಗೆ ಎಷ್ಟು ಕೊಡಬೇಕು ಅನ್ನುವ ವಿಷಯ ಇದಲ್ಲ. ಚಿನ್ನದ ನ್ಯಾನೋಕಣದ ಕ್ಯಾನ್ಸರ್ ಚಿಕಿತ್ಸೆಗಳು ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ಇನ್ನೊಂದು ಮಾತು. ನಮ್ಮೂರಿನಲ್ಲಿ ಕಣ ಅಂದರೆ ಕಾಫಿ ಒಣಗಿಸುವ ಜಾಗ. ಇಲ್ಲಿ ಹೇಳುವ ಕಣದ ಅಗಲ ಕೂದಲಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು.

ಮೊದಲು ಲಿವರ್ ಅರ್ಥ ಮಾಡಿಕೊಳ್ಳಿ

ರಕ್ತಕ್ಕೆ ಚುಚ್ಚಿದ ಕಣ ನೇರವಾಗಿ ಗಡ್ಡೆಗೆ ಹೋಗುವುದಿಲ್ಲ. ದಾರಿಯಲ್ಲಿ ಲಿವರ್ ಇದೆ, ಗುಲ್ಮ ಇದೆ. ಲಿವರ್‌ನಲ್ಲಿ ಕುಫರ್ ಜೀವಕೋಶಗಳು ಕಾದು ಕೂತಿರುತ್ತವೆ. ರಕ್ತದಲ್ಲಿ ಬರುವ ಕಸ, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗುವುದು ಅವುಗಳ ಕೆಲಸ. ಚಿನ್ನದ ಕಣವೂ ಅವುಗಳ ಪಾಲಿಗೆ ಕಸವೇ.

ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ 2016ರಲ್ಲಿ, ಅದಕ್ಕೂ ಹಿಂದಿನ ಹತ್ತು ವರ್ಷದ ಲೇಖನಗಳನ್ನೆಲ್ಲ ಕೂಡಿಹಾಕಿ ಲೆಕ್ಕ ತೆಗೆಯಿತು. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ಸೇರುವುದು ಎಷ್ಟು? ನಡುವಿನ ಬೆಲೆ (ಮೀಡಿಯನ್) ಶೇ. 0.7. ನೂರರಲ್ಲಿ ಒಂದೂ ಇಲ್ಲ! ಆಂಟಿಬಾಡಿಯಂಥ, ಗಡ್ಡೆಯ ಕೋಶವನ್ನು ಗುರುತು ಹಿಡಿಯುವ ಗುರಿಕಾರರನ್ನು ಅಂಟಿಸಿದ ಕಣ ಶೇ. 0.9, ಅಂಟಿಸದೆ ಬಿಟ್ಟದ್ದು ಶೇ. 0.6. ಅಷ್ಟು ಕಷ್ಟಪಟ್ಟು ಅಂಟಿಸಿದ್ದಕ್ಕೆ ಸಿಕ್ಕ ಲಾಭ ಇಷ್ಟು.

2020ರಲ್ಲಿ ಅದೇ ತಂಡ ಇನ್ನೊಂದು ಲೇಖನ ತಂದಿತು. ಕಣದ ವಿನ್ಯಾಸ ಬಿಟ್ಟು ಎಣಿಕೆಯ ಕಡೆ ನೋಡಿದರು. ಇಲಿಯಲ್ಲಿ ಒಂದು ಮಿತಿ ಸಿಕ್ಕಿತು: 1 ಲಕ್ಷ ಕೋಟಿ ಕಣ. ಬಜೆಟ್ ಸುದ್ದಿಯಲ್ಲಿ ಕೇಳುವಂಥ ಸಂಖ್ಯೆ. ಡೋಸ್ ಅದನ್ನು ದಾಟಿದರೆ ಕುಫರ್ ಕೋಶಗಳ ಕೈ ಸಾಲುವುದಿಲ್ಲ. ಕಣ ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತದೆ. ಗಡ್ಡೆಗೆ ಸೇರುವ ಪಾಲು ಶೇ. 12ರವರೆಗೆ ಏರಿತು, ಗಡ್ಡೆಯ ಶೇ. 93ರಷ್ಟು ಜೀವಕೋಶಗಳಿಗೆ ಕಣ ತಲುಪಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ತೋಟದ ತೊಟ್ಟಿಲು ಗುಂಡಿ. ಕಾಫಿ ಗಿಡದ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೆಗೆಯುತ್ತೇವಲ್ಲ, ಅದು. ಅಪ್ಪ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು, ಇಂಚು, ಸೆಂಟ್ ಲೆಕ್ಕದಲ್ಲಿ. ದಿನವಿಡೀ ಜಿಟಿಜಿಟಿ ಸುರಿದು ಒಂದೂವರೆ ಇಂಚು ಆದರೆ ಕೆಳಗಿನ ತೋಡಿಗೆ ಒಂದು ಚೊಂಬು ನೀರೂ ಹೋಗುವುದಿಲ್ಲ. ಗುಂಡಿ ಎಲ್ಲ ಇಂಗಿಸಿಕೊಳ್ಳುತ್ತದೆ. ಅದೇ ಒಂದೂವರೆ ಇಂಚು ಮುಕ್ಕಾಲು ಗಂಟೆಯಲ್ಲಿ ಬಿದ್ದರೆ? ಗುಂಡಿ ತುಂಬಿ ಉಕ್ಕಿ, ತೋಡು ಕೆಂಪಗೆ ಹರಿಯುತ್ತದೆ. ಮಳೆ ಎರಡೂ ದಿನ ಅಷ್ಟೇ. ಗುಂಡಿ ಇಂಗಿಸುವ ವೇಗಕ್ಕೆ ಒಂದು ಮಿತಿ ಇದೆ, ಅಷ್ಟೇ ವಿಷಯ.

ಕುಫರ್ ಕೋಶಕ್ಕೂ ನುಂಗುವ ವೇಗದಲ್ಲಿ ಮಿತಿ ಇದೆ. ಹಾಗಾಗಿ ಡೋಸ್ ಹತ್ತು ಪಟ್ಟು ಮಾಡಿದರೆ ಗಡ್ಡೆಗೂ ಸರಿಯಾಗಿ ಹತ್ತು ಪಟ್ಟು ಸೇರುತ್ತದೆ ಅಂದುಕೊಳ್ಳಬೇಡಿ. ಮಿತಿಯ ಕೆಳಗೆ ಇದ್ದಾಗ ಒಂದು ಕಥೆ, ದಾಟಿದ ಮೇಲೆ ಬೇರೆ ಕಥೆ.

ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಗುಂಡಿ ನೀರನ್ನು ಇಂಗಿಸಿ ಮರುದಿನಕ್ಕೆ ಖಾಲಿಯಾಗುತ್ತದೆ. ಲಿವರ್ ಚಿನ್ನವನ್ನು ಹಾಗೆ ಬಿಡುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮಿಲಿಗ್ರಾಂನಿಂದ ಕಣಕ್ಕೆ

ಇದೇ ಮುಖ್ಯ ಕೆಲಸ. ಫೋನಿನ ಕ್ಯಾಲ್ಕುಲೇಟರ್ ಸಾಕು.

ಚಿನ್ನದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ. ಕಣ ಗುಂಡಗಿದೆ ಎಂದು ಇಟ್ಟುಕೊಂಡು ಗಾತ್ರ ತೆಗೆದು, 19.3ರಿಂದ ಗುಣಿಸಿದರೆ ಒಂದು ಕಣದ ತೂಕ ಬರುತ್ತದೆ. ಪ್ರತಿಸಲ ಇದನ್ನು ಮಾಡುವ ತಾಳ್ಮೆ ನನಗಿಲ್ಲ. ಒಂದೇ ಸಂಖ್ಯೆ ನೆನಪಿಟ್ಟುಕೊಂಡಿದ್ದೇನೆ: 50 ನ್ಯಾನೋಮೀಟರ್ ಅಗಲದ ಚಿನ್ನದ ಕಣ 1 ಮಿಲಿಗ್ರಾಂ ಇದ್ದರೆ ಅದರಲ್ಲಿ ಸುಮಾರು 80,000 ಕೋಟಿ ಕಣ.

ಬೇರೆ ಅಗಲ ಬಂದರೆ 50ನ್ನು ಆ ಅಗಲದಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಎರಡು ಸಲ ಗುಣಿಸಿ. ಅಷ್ಟು ಪಟ್ಟು ಕಣ. ಅಗಲ 25 ಆದರೆ 8 ಪಟ್ಟು. 100 ಆದರೆ ಎಂಟರಲ್ಲಿ ಒಂದು ಪಾಲು. 15 ಆದರೆ 37 ಪಟ್ಟು.

ಈಗ ಹುಡುಗಿಯ ಡೋಸ್ ತೆಗೆದುಕೊಳ್ಳೋಣ. ಇಲಿ 20 ಗ್ರಾಂ, ಕಣದ ಅಗಲ 50 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. ಕೆ.ಜಿ.ಗೆ 2 ಮಿಲಿಗ್ರಾಂ ಅಂದರೆ ಒಂದು ಇಲಿಗೆ 0.04 ಮಿಲಿಗ್ರಾಂ. ಅದನ್ನು 80,000 ಕೋಟಿಯಿಂದ ಗುಣಿಸಿದರೆ 3,200 ಕೋಟಿ ಕಣ. ಮಿತಿ 1 ಲಕ್ಷ ಕೋಟಿ. ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಜಿಟಿಜಿಟಿ ಮಳೆ. ಹೆಚ್ಚಿನದೆಲ್ಲ ಲಿವರ್ ಪಾಲು.

ಅದೇ 2 ಮಿಲಿಗ್ರಾಂ ಲೆಕ್ಕದಲ್ಲಿ 15 ನ್ಯಾನೋಮೀಟರ್ ಕಣ ಚುಚ್ಚಿದರೆ? 3,200 ಕೋಟಿ ಗುಣಿಸು 37. ಸುಮಾರು 1 ಲಕ್ಷದ 18 ಸಾವಿರ ಕೋಟಿ. ಮಿತಿ ದಾಟಿತು!

ನನ್ನ ಹಳೆಯ ಸ್ಲೈಡ್ ನೆನಪಿದೆಯಲ್ಲ. ಕಾಗದದ ಮೇಲೆ ಎರಡು ಗುಂಪಿಗೂ ಒಂದೇ ಡೋಸ್. ಲಿವರ್ ಕಣ್ಣಿನಲ್ಲಿ ಒಂದು ಗುಂಪಿಗೆ ಸೋನೆ ಮಳೆ, ಇನ್ನೊಂದಕ್ಕೆ ಆಟಿ ಮಳೆ. ಗಾತ್ರದ ಮಹಿಮೆ ಅಂತೆ!

ಲೇಖನದಲ್ಲಿ ಡೋಸನ್ನು ಬೇರೆ ಬೇರೆ ರೀತಿ ಬರೆದಿರುತ್ತಾರೆ. ಕೆಲವರು ಮಿಲಿಗ್ರಾಂ, ಕೆಲವರು ನ್ಯಾನೋಮೋಲಾರ್, ಕೆಲವರು 'ಓಡಿ 10 ಇರುವ ದ್ರಾವಣ 100 ಮೈಕ್ರೋಲೀಟರ್' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ (ಓಡಿ ಅಂದರೆ ದ್ರಾವಣ ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ). ನ್ಯಾನೋಮೋಲಾರ್ ಅನ್ನುವುದು ಲೀಟರಿಗೆ ಎಷ್ಟು ಅನ್ನುವ ಎಣಿಕೆ, ಕೊಟ್ಟರೆ ಒಳ್ಳೆಯದೇ, ಆದರೆ ಅದು ಕಣದ ನ್ಯಾನೋಮೋಲಾರ್ ಹೌದೋ ಚಿನ್ನದ ಪರಮಾಣುವಿನದೋ ನೋಡಿ. 50 ನ್ಯಾನೋಮೀಟರ್ ಕಣ ಒಂದರಲ್ಲಿ ಲಕ್ಷಗಟ್ಟಲೆ ಪರಮಾಣು ಇರುತ್ತವೆ, ಎಡವಿದರೆ ಎದ್ದೇಳುವ ಹಾಗಿಲ್ಲ. ಕಣದ ಲೆಕ್ಕವೇ ಆದರೆ 1 ಪಿಕೋಮೋಲ್ ಅಂದರೆ ಸುಮಾರು 60,000 ಕೋಟಿ ಕಣ. ಹಾಗಾಗಿ 1 ಲಕ್ಷ ಕೋಟಿ ಅಂದರೆ 1.7 ಪಿಕೋಮೋಲ್ ಹತ್ತಿರ.

ಯಾವುದರ ಡೋಸ್?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಸಲ ಡೋಸ್ ಎಂದು ಬರೆದದ್ದು ಚಿನ್ನದ್ದೇ ಆಗಿರುವುದಿಲ್ಲ. ಅಮೆರಿಕದಲ್ಲಿ ಮನುಷ್ಯರ ಮೇಲೆ ಪ್ರಯೋಗವಾದ ಸಿವೈಟಿ-6091 ಎಂಬ ಔಷಧ ಇದೆಯಲ್ಲ, 27 ನ್ಯಾನೋಮೀಟರ್ ಚಿನ್ನದ ಕಣ, ಮೇಲೆ ಪೆಗ್ ಎಂಬ ಪಾಲಿಮರ್‌ನ ಪದರ ಮತ್ತು ಟಿಎನ್ಎಫ್ ಎಂಬ ಪ್ರೋಟೀನ್. 2010ರಲ್ಲಿ ಮೊದಲ ಹಂತದ ಫಲಿತಾಂಶ ಬಂತು. ದೇಹದ ಮೇಲ್ಮೈ ಒಂದು ಚದರ ಮೀಟರಿಗೆ 50ರಿಂದ 600 ಮೈಕ್ರೋಗ್ರಾಂ ಎಂದು ಅದರಲ್ಲಿದೆ. ಆ ಮೈಕ್ರೋಗ್ರಾಂ ಟಿಎನ್ಎಫ್‌ದು. ಅದನ್ನು ಚಿನ್ನ ಎಂದುಕೊಂಡು ಕಣ ಎಣಿಸಿದರೆ ಇಡೀ ಲೆಕ್ಕ ತಲೆಕೆಳಗು.

ತೀರಾ ಚಿಕ್ಕ ಕಣಕ್ಕೆ ಬೇರೆ ದಾರಿ

ಆಟಿ ಹದಿನೆಂಟರಂದು ನಾವು ಮದ್ದು ಸೊಪ್ಪಿನ ಪಾಯಸ ತಿನ್ನುತ್ತೇವೆ. ಹದಿನೆಂಟು ಬಗೆಯ ಔಷಧ ಅವತ್ತು ಆ ಸೊಪ್ಪಿಗೆ ಬಂದು ಸೇರುತ್ತದೆ ಅಂತ ನಂಬಿಕೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೊರಗಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಹೆದರುತ್ತಾರೆ. ಏನೂ ಇಲ್ಲ, ಸೊಪ್ಪಿನ ಬಣ್ಣ ಕಿಡ್ನಿ ದಾಟಿ ಹೊರಗೆ ಬಂದಿದೆ ಅಷ್ಟೇ.

ಕಿಡ್ನಿಯ ಜರಡಿಗೂ ಒಂದು ಅಳತೆ ಇದೆ. ಸುಮಾರು 5.5 ನ್ಯಾನೋಮೀಟರಿಗಿಂತ ಚಿಕ್ಕ ಕಣ ಮೂತ್ರದಲ್ಲಿ ಹೊರಹೋಗಬಲ್ಲದು. ಅದಕ್ಕಿಂತ ದೊಡ್ಡದು ಲಿವರ್ ಕಡೆಗೆ. ಹೈನ್‌ಫೆಲ್ಡ್ ತಂಡ 2004ರಲ್ಲಿ 1.9 ನ್ಯಾನೋಮೀಟರ್ ಚಿನ್ನದ ಕಣವನ್ನು ಇಲಿಗಳಿಗೆ ಕೊಟ್ಟು ಎಕ್ಸ್‌ರೇ ಹಾಯಿಸಿತು. ಚಿನ್ನ ಇದ್ದಲ್ಲಿ ಎಕ್ಸ್‌ರೇ ಹೆಚ್ಚು ಹಿಡಿಯುತ್ತದೆ, ಗಡ್ಡೆಗೆ ಪೆಟ್ಟು ಜೋರಾಗುತ್ತದೆ ಅನ್ನುವುದು ಲೆಕ್ಕಾಚಾರ. ಡೋಸ್ ಎಷ್ಟು ಗೊತ್ತಾ? ಕೆ.ಜಿ.ಗೆ 2.7 ಗ್ರಾಂವರೆಗೆ. ಮಿಲಿಗ್ರಾಂ ಅಲ್ಲ, ಗ್ರಾಂ. 20 ಗ್ರಾಂ ಇಲಿಗೆ 54 ಮಿಲಿಗ್ರಾಂ ಚಿನ್ನ. ಕಿಡ್ನಿಯಿಂದ ಹೋಗುವ ಕಣವಾದ್ದರಿಂದ ಅಷ್ಟು ಕೊಡಲು ಆಯಿತು. ಈ ಡೋಸನ್ನು ನೋಡಿ 50 ನ್ಯಾನೋಮೀಟರ್ ಕಣಕ್ಕೂ ಹಾಗೇ ಕೊಡಬಹುದು ಎಂದು ಯಾರಾದರೂ ಹೊರಟರೆ ಅವರ ಕೈಯಿಂದ ಸಿರಿಂಜ್ ಕಿತ್ತುಕೊಳ್ಳಿ.

ಶೇಕಡಾ ಅಂದರೆ ಯಾವ ಶೇಕಡಾ?

'ಗಡ್ಡೆಯಲ್ಲಿ ಶೇ. 5' ಎಂದು ಬರೆದಿದ್ದರೆ ಖುಷಿಪಡುವ ಮುಂಚೆ ಪಕ್ಕದಲ್ಲಿ 'ಒಂದು ಗ್ರಾಂಗೆ' ಎಂದಿದೆಯಾ ನೋಡಿ. ಇಲಿಯ ಗಡ್ಡೆ 0.2 ಗ್ರಾಂ ಇದ್ದರೆ, ಗ್ರಾಂಗೆ ಶೇ. 5 ಅಂದರೆ ಇಡೀ ಗಡ್ಡೆಯಲ್ಲಿ ಇರುವುದು ಶೇ. 1. ಗಡ್ಡೆ ಚಿಕ್ಕದಾದಷ್ಟೂ ಈ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಕಾಯಿ ಚಿಕ್ಕದಾದ್ದಕ್ಕೆ ಕೆ.ಜಿ.ಗೆ ಹೆಚ್ಚು ಕಾಯಿ ನಿಂತ ಹಾಗೆ.

ಆಮೇಲೆ, ಗಡ್ಡೆ ಸೇರಿದ್ದೆಲ್ಲ ಕ್ಯಾನ್ಸರ್ ಜೀವಕೋಶಕ್ಕೆ ಮುಟ್ಟಿತು ಅಂತಲ್ಲ. ಗಡ್ಡೆಯೊಳಗೂ ನುಂಗುವ ಕೋಶಗಳಿವೆ, ನಡುವೆ ನಾರಿನ ಜಾಲ ಇದೆ. 2018ರಲ್ಲಿ ಚಾನ್ ಅವರ ತಂಡವೇ ಗುರಿಕಾರ ಅಂಟಿಸಿದ ಕಣವನ್ನು ಜೀವಕೋಶದ ಮಟ್ಟದಲ್ಲಿ ಎಣಿಸಿತು. ಚುಚ್ಚಿದ 10 ಲಕ್ಷ ಕಣದಲ್ಲಿ ಕ್ಯಾನ್ಸರ್ ಕೋಶಕ್ಕೆ ಸೇರಿದ್ದು 14ಕ್ಕೂ ಕಡಿಮೆ. ಹಾಗಾಗಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ: ಗಡ್ಡೆಗೆ ಎಷ್ಟು, ಕೋಶಕ್ಕೆ ಎಷ್ಟು.

ಅಳೆದದ್ದು ಹೇಗೆ ಅನ್ನುವುದನ್ನೂ ನೋಡಿ. ಗಡ್ಡೆಯನ್ನು ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಟ್ಟರೆ ಚಿನ್ನದ ತೂಕ ಸಿಗುತ್ತದೆ. ನಂಬಬಹುದು. ಆದರೆ ಅದು ಕೊಡುವುದೂ ತೂಕವೇ, ಎಣಿಕೆಯಲ್ಲ. ಮತ್ತೆ ಮೇಲಿನ ಗುಣಾಕಾರ ಮಾಡಬೇಕು. ಲಿವರ್, ಗುಲ್ಮ, ರಕ್ತದ ಚಿನ್ನವನ್ನೂ ಅಳೆದು ಕೂಡಿಸಿದ್ದಾರಾ? ಬರೀ ಗಡ್ಡೆಯದ್ದು ಕೊಟ್ಟರೆ ನನಗೆ ಅನುಮಾನ.

ಸಿರಿಂಜಿನಲ್ಲಿ ಇದ್ದದ್ದು ನಿಜವಾಗಿ ಅಷ್ಟೇನಾ?

15 ನ್ಯಾನೋಮೀಟರ್ ಚಿನ್ನದ ದ್ರಾವಣ ಮಾಣಿಕ್ಯದ ಹಾಗೆ ಕೆಂಪಗಿರುತ್ತದೆ. ಮೇಲೆ ಬರೀ ಸಿಟ್ರೇಟ್ ಲವಣದ ಪದರ ಇರುವ ಕಣಕ್ಕೆ ಉಪ್ಪಿನ ಬಫರ್ ಬಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ದ್ರಾವಣ ನೇರಳೆಗೆ, ನೀಲಿಗೆ ತಿರುಗುತ್ತದೆ. ನೇರಳೆ ಬಣ್ಣದ ದ್ರಾವಣ ಕಂಡರೆ ಡೋಸ್ ಲೆಕ್ಕ ಅಲ್ಲಿಗೇ ಮುಗಿಯಿತು, ಚೆಲ್ಲಿ. ನೂರು ಕಣದ ಮುದ್ದೆ ಲಿವರ್ ಪಾಲಿಗೆ ಒಂದೇ ದೊಡ್ಡ ಕಣ. ಅದಕ್ಕೇ ಪೆಗ್ ಪದರ ಹಾಕುವುದು. ಪದರ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೊಳೆಯುವಾಗ ಒಂದಷ್ಟು ಕಣ ಗೋಡೆಗೆ ಅಂಟಿ ಹೋಗುತ್ತವೆ. ಹಾಗಾಗಿ ಕೊನೆಯ ತೊಳೆತ ಆದ ಮೇಲೆ ಇನ್ನೊಮ್ಮೆ ಅಳೆಯಿರಿ. ಮೊದಲ ಅಳತೆಯನ್ನೇ ಹಿಡಿದುಕೊಂಡು ಚುಚ್ಚಬೇಡಿ. ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ.

ಒಂದೇ ಸಲ ಚುಚ್ಚಿದರಾ, ಮೂರು ದಿನಕ್ಕೆ ಹಂಚಿದರಾ ಅನ್ನುವುದೂ ಬರೆದಿಡಿ. ಮುಕ್ಕಾಲು ಗಂಟೆಯ ಮಳೆ ಬೇರೆ, ದಿನವಿಡೀ ಮಳೆ ಬೇರೆ. ಇಲಿಯ ಬಾಲದ ರಕ್ತನಾಳಕ್ಕೆ ಒಮ್ಮೆಗೆ 100ರಿಂದ 200 ಮೈಕ್ರೋಲೀಟರಿಗಿಂತ ಜಾಸ್ತಿ ಹಾಕುವಂತಿಲ್ಲ. ಹಾಗಾಗಿ ಮಿತಿ ದಾಟಬೇಕಾದರೆ ದ್ರಾವಣವನ್ನೇ ಗಟ್ಟಿ ಮಾಡಬೇಕು, ಆಗಲೇ ಮುದ್ದೆಯಾಗುವ ಭಯ ಹೆಚ್ಚು.

ಔಷಧವನ್ನು ಹೆಚ್ಚಿಸದೆ ಎಣಿಕೆ ಮಾತ್ರ ಹೆಚ್ಚಿಸುವ ಉಪಾಯವೂ ಇದೆ. 2020ರ ಕೆಲಸದಲ್ಲಿ ಡಾಕ್ಸಿಲ್ ಎಂಬ ಲೈಪೋಸೋಮ್ (ಕೊಬ್ಬಿನ ಪುಟ್ಟ ಗುಳ್ಳೆ) ಔಷಧದ ಜೊತೆ ಔಷಧವಿಲ್ಲದ ಖಾಲಿ ಲೈಪೋಸೋಮ್ ಬೆರೆಸಿ ಕೊಟ್ಟರು. ಕುಫರ್ ಕೋಶಗಳು ಖಾಲಿಯದ್ದನ್ನು ನುಂಗುವುದರಲ್ಲೇ ಮುಳುಗಿದವು. ಔಷಧ ಚೆನ್ನಾಗಿ ಕೆಲಸ ಮಾಡಿತು. ನನಗಂತೂ ಬಹಳ ಇಷ್ಟವಾದ ತಂತ್ರ.

ಚುಚ್ಚಿದ್ದು ರಕ್ತಕ್ಕೋ, ನೇರ ಗಡ್ಡೆಗೋ? ಗಡ್ಡೆಗಾದರೆ ಮಿತಿಯ ಮಾತೇ ಬರುವುದಿಲ್ಲ. ಧಾರವಾಡ ಮೂಲದ ಕಟ್ಟೇಶ್ ಕಟ್ಟಿ ಅವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸ ಇಂಥದ್ದು. ಚಹಾ ಸೊಪ್ಪಿನ ಅಂಶ ಲೇಪಿಸಿದ ವಿಕಿರಣಶೀಲ ಚಿನ್ನ-198ರ ಕಣವನ್ನು ಇಲಿಯ ಪ್ರಾಸ್ಟೇಟ್ ಗಡ್ಡೆಗೇ ಚುಚ್ಚಿದರು. 24 ಗಂಟೆಯ ನಂತರವೂ ಶೇ. 72ರಷ್ಟು ಅಲ್ಲೇ ಇತ್ತು. 2012ರಲ್ಲಿ ಪ್ರಕಟವಾಯಿತು. ಈ ಶೇ. 72ನ್ನು ಆ ಶೇ. 0.7ರ ಪಕ್ಕ ಇಟ್ಟು 'ನೂರು ಪಟ್ಟು ಉತ್ತಮ' ಎಂದು ಬರೆಯುವವರಿದ್ದಾರೆ. ಒಂದು ಬಾವಿಗೆ ಸುರಿದ ನೀರು, ಇನ್ನೊಂದು ಬೆಟ್ಟಕ್ಕೆ ಬಿದ್ದ ಮಳೆ. ಹೋಲಿಸಬೇಡಿ.

ಹಾಗಾದರೆ ಜಾಸ್ತಿ ಚುಚ್ಚಿದರೆ ಮುಗೀತಾ?

ಹುಡುಗಿ ಇದನ್ನೇ ಕೇಳಿದಳು. ಇಲ್ಲ. ಮಿತಿ ದಾಟುವುದು ಅಂದರೆ ಲಿವರನ್ನು ತುಂಬಿಸುವುದು ಅಂತಲೇ ಅರ್ಥ. ಗಡ್ಡೆಗೆ ಶೇ. 12 ಸೇರಿದರೂ ಉಳಿದದ್ದು ಎಲ್ಲೋ ಒಂದು ಕಡೆ ಕೂರಲೇಬೇಕಲ್ವಾ? 40 ನ್ಯಾನೋಮೀಟರ್ ಚಿನ್ನ ಕೊಟ್ಟ ಇಲಿಗಳನ್ನು ಆರು ತಿಂಗಳು ಬಿಟ್ಟು ನೋಡಿದಾಗ ಲಿವರ್‌ನ ಚಿನ್ನ ಕಡಿಮೆಯಾದದ್ದು ಶೇ. 9 ಮಾತ್ರ. ತೊಟ್ಟಿಲು ಗುಂಡಿಯ ಹೋಲಿಕೆ ಕೈಕೊಡುವುದು ಇಲ್ಲೇ. ಹಾಗಾಗಿ ಸಿನಾಪ್ಸಿಸ್‌ನಲ್ಲಿ ಮೂರು ಡೋಸ್ ಇಡಿ: ಮಿತಿಗಿಂತ ತೀರಾ ಕೆಳಗೆ ಒಂದು, ಹತ್ತಿರ ಒಂದು, ಮೇಲೆ ಒಂದು. ಪ್ರತಿಯೊಂದಕ್ಕೂ ಲಿವರ್ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ನೋಡಿ. ಲಿವರ್‌ನ ತುಣುಕನ್ನು ಮೈಕ್ರೋಸ್ಕೋಪಿನಲ್ಲೂ ನೋಡಿ.

ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. "ಮನುಷ್ಯರಿಗೆ ಎಷ್ಟು ಚಿನ್ನ ಬೇಕಾದೀತು? ನನ್ನ ಕೊಕ್ಕೆತಾತಿ ಕರಗಿಸಬೇಕಾ?" ಸುಮ್ನೆ ಒಂದು ಲೆಕ್ಕ ಹಾಕಿದೆವು. 50 ನ್ಯಾನೋಮೀಟರ್ ಕಣ 1 ಲಕ್ಷ ಕೋಟಿ ಅಂದರೆ ಇಲಿಗೆ 1.25 ಮಿಲಿಗ್ರಾಂ, ಕೆ.ಜಿ.ಗೆ 62.5 ಮಿಲಿಗ್ರಾಂ. ಅದನ್ನು ಹಾಗೇ 60 ಕೆ.ಜಿ. ಮನುಷ್ಯನಿಗೆ ಏರಿಸಿದರೆ 3.75 ಗ್ರಾಂ. ಅರ್ಧ ಪವನ್‌ಗೂ ಸ್ವಲ್ಪ ಕಡಿಮೆ. ಆದರೆ ಔಷಧದಲ್ಲಿ ಹಾಗೆ ಏರಿಸುವುದಿಲ್ಲ. ದೇಹದ ಮೇಲ್ಮೈ ನೋಡಿ ಇಲಿಯ ಕೆ.ಜಿ. ಡೋಸನ್ನು 12.3ರಿಂದ ಭಾಗಿಸುವುದು ರೂಢಿ. ಆಗ 0.3 ಗ್ರಾಂ ಆಗುತ್ತದೆ. ಎರಡೂ ಕಾಗದದ ಲೆಕ್ಕ, ಯಾರಿಗೂ ಕೊಡುವ ಡೋಸ್ ಅಲ್ಲ. "ಅಷ್ಟೇನಾ" ಎಂದು ಅತ್ತೆ ನಿರಾಸೆಯಿಂದ ಅಡುಗೆಮನೆಗೆ ಹೋದರು. ಆಭರಣ ಅಂಗಡಿಯ ಚಿನ್ನ ಅಥವಾ ಭಸ್ಮ ತಿಂದರೆ ಇದೇ ಆಗುತ್ತದಾ ಎಂದು ಫೋನ್ ಮಾಡಿ ಕೇಳುವ ಸಂಬಂಧಿಕರಿಗೆ: ಇಲ್ಲ. ಇದು ರಕ್ತಕ್ಕೆ ಚುಚ್ಚುವ, ಅಳತೆ ಕಟ್ಟಿ ಮಾಡಿದ ಕಣದ ಮಾತು. ಹೊಟ್ಟೆಗೆ ತಿನ್ನುವುದರ ಮಾತಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಹುಡುಗಿ ಫೋನಿನ ಬೆಳಕಿನಲ್ಲಿ ಸಿನಾಪ್ಸಿಸ್‌ನ ಕೊನೆಯ ಪುಟ ನೋಡುತ್ತಿದ್ದಳು. ತರಿಸಬೇಕಾದ ಸಾಮಾನಿನ ಪಟ್ಟಿ ಅದು. ಬರೀ ಕಣ, 50 ನ್ಯಾನೋಮೀಟರ್. ಆಂಟಿಬಾಡಿ ಅಂಟಿಸಲು ಸಿದ್ಧವಾಗಿ ಬರುವ ಕಣ, 40 ನ್ಯಾನೋಮೀಟರ್. "ಹತ್ತು ನ್ಯಾನೋಮೀಟರ್ ತಾನೇ" ಎಂದು ಅವಳೇ ಹೇಳಿಕೊಂಡಳು. ಆಮೇಲೆ ಸುಮ್ಮನಾಗಿ 50ನ್ನು 40ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಎರಡು ಸಲ ಗುಣಿಸಿದಳು. ಫೋನನ್ನು ನನ್ನ ಕಡೆ ತಿರುಗಿಸಿದಳು. 1.95.

"ಆಂಟಿಬಾಡಿ ಏನೂ ಮಾಡದಿದ್ರೂ ಎರಡು ಪಟ್ಟು ಕಣ ಹೋಗ್ತಿತ್ತು ಚಿಕ್ಕಮ್ಮ" ಎಂದಳು. ಪೆನ್ನು ತೆಗೆದು 40ನ್ನು ಹೊಡೆದುಹಾಕಿದಳು.